ಹಗುರವಾಗಿಯೂ ಗಟ್ಟಿಯಾಗಿರುವ ಲೋಹದ ಕಂಬ: ತೂಕದ ಲೆಕ್ಕದಿಂದ ಬಲದ ಲೆಕ್ಕದೆಡೆಗೆ

ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಗದಗ ಜಿಲ್ಲೆಯ ವರ್ತಕರೆಲ್ಲ ಕಂಡಿದ್ದಾರೆ. ಅವುಗಳನ್ನು ಹೊತ್ತು ನಿಂತ ಕೊಳವೆಯಾಕಾರದ ಗೋಪುರಗಳ ರೂಪವನ್ನು ಗಮನಿಸಿದವರು ಮಾತ್ರ ಕಡಿಮೆ. ಆ ಗೋಪುರ ಒಳಗೆ ಟೊಳ್ಳು. ಬುಡದಲ್ಲಿ ಅಗಲ, ತುದಿಯತ್ತ ಸಾಗಿದಂತೆ ಕಿರಿದು. ಅಷ್ಟೇ ಉಕ್ಕನ್ನು ಘನವಾದ ಸರಳಿನಂತೆ ನಿಲ್ಲಿಸಿದ್ದರೆ ಮೊದಲ ಬಿರುಗಾಳಿಗೇ ಅದು ಬಾಗಿ ಮಲಗುತ್ತಿತ್ತು. ಅದೇ ಸೀಮೆಯ ಹೊಲಗಳಲ್ಲಿ, ಊರ ಬೀದಿಗಳಲ್ಲಿ, ಮಾರುಕಟ್ಟೆಯ ಪ್ರಾಂಗಣಗಳಲ್ಲಿ ನಿಲ್ಲುವ ವಿದ್ಯುತ್ ಕಂಬ ಹಾಗೂ ದೀಪದ ಕಂಬಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಆದರೆ ಪೇಟೆಯಲ್ಲಿ ಕೊಳವೆ, ಆಂಗಲ್, ತಗಡುಗಳೆಲ್ಲ ಕಿಲೋ ಲೆಕ್ಕದಲ್ಲಿ ಮಾರಾಟವಾಗುವುದರಿಂದ ಕಂಬವನ್ನೂ ತೂಕದಿಂದಲೇ ಅಳೆಯುವ ರೂಢಿ ಬೆಳೆದುಬಂದಿದೆ. ಹೆಚ್ಚು ತೂಗಿದ್ದು ಗಟ್ಟಿ, ಕಡಿಮೆ ತೂಗಿದ್ದು ಅಗ್ಗ ಎಂಬ ಈ ಎಣಿಕೆ ಎರಡೂ ಕಡೆ ನಷ್ಟವನ್ನು ತರುತ್ತದೆ. ಒಂದೆಡೆ ಬೇಡದ ಜಾಗದಲ್ಲಿ ಉಕ್ಕು ಸುರಿಯಲ್ಪಡುತ್ತದೆ. ಇನ್ನೊಂದೆಡೆ ದರ ಇಳಿಸುವ ಆತುರದಲ್ಲಿ ಬೇಕಾದ ಜಾಗದಿಂದಲೇ ಉಕ್ಕು ಕಳೆಯಲ್ಪಡುತ್ತದೆ. ಎರಡನೆಯದರ ಪರಿಣಾಮ ಹಣದ ನಷ್ಟಕ್ಕೆ ನಿಲ್ಲುವುದಿಲ್ಲ. ಬಿದ್ದ ಕಂಬದ ತಂತಿ ಮನುಷ್ಯರ ಹಾಗೂ ಜಾನುವಾರುಗಳ ಜೀವಕ್ಕೇ ಎರವಾಗುತ್ತದೆ. ಆದಕಾರಣ ಕಂಬದ ಬಲ ಎಲ್ಲಿಂದ ಬರುತ್ತದೆಂಬುದನ್ನು ಸಣ್ಣ ಉದ್ದಿಮೆದಾರರೂ ವರ್ತಕರೂ ಲೆಕ್ಕಸಹಿತ ಅರಿತುಕೊಳ್ಳುವುದು ಅವಶ್ಯ.

ಮೂರು ತಾಲ್ಲೂಕು, ಹಲವು ಬಗೆಯ ನೆಲ

ನರಗುಂದ ಹಾಗೂ ರೋಣ ತಾಲ್ಲೂಕುಗಳ ಬಹುಭಾಗ ಆಳವಾದ ಎರೆ ಭೂಮಿ. ಬೇಸಿಗೆಯಲ್ಲಿ ಈ ಮಣ್ಣು ಕುಗ್ಗಿ ಅಗಲವಾದ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಉಬ್ಬಿ ಅಂಟಾಗುತ್ತದೆ. ವರ್ಷವರ್ಷವೂ ನಡೆಯುವ ಈ ಚಲನೆಯಿಂದ ಸರಿಯಾಗಿ ನೆಡದ ಕಂಬ ಮೆಲ್ಲಗೆ ವಾಲುತ್ತದೆ. ಮಲಪ್ರಭಾ ಕಾಲುವೆಯ ನೀರುಂಡ ಕೆಲವು ಜಮೀನುಗಳಲ್ಲಿ ಜವುಳು ಮತ್ತು ಸವಳು ಕಾಣಿಸಿಕೊಂಡಿದ್ದು, ಅಂತಹ ನೆಲ ಉಕ್ಕನ್ನು ಬೇಗ ತಿನ್ನುತ್ತದೆ. 2009ರಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿ ಹಾಗೂ ಬೆಣ್ಣೆಹಳ್ಳಗಳು ಉಕ್ಕಿ ಹರಿದಾಗ ಎರಡೂ ತಾಲ್ಲೂಕುಗಳ ನದಿತೀರದ ಹಳ್ಳಿಗಳು ಜಲಾವೃತವಾಗಿದ್ದವು. ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಗಜೇಂದ್ರಗಡದ ಸುತ್ತ ಎರೆಯ ಜೊತೆಗೆ ಮಸಾರಿ, ಗರಸು ಹಾಗೂ ಕಲ್ಲುನೆಲವೂ ಇದೆ. ಅಲ್ಲಿ ಗಾಳಿಯೇ ಮುಖ್ಯ ಸವಾಲು.

ಹಳ್ಳಿಗಳ ವಿದ್ಯುತ್ ಮಾರ್ಗಗಳಲ್ಲಿ ಪೂರ್ವಬಿಗಿತದ ಕಾಂಕ್ರೀಟ್ ಕಂಬಗಳ ಬಳಕೆ ಹೆಚ್ಚು. ಅವು ತುಕ್ಕು ಹಿಡಿಯುವುದಿಲ್ಲ ಮತ್ತು ಉಕ್ಕಿನ ದರದ ಏರಿಳಿತಕ್ಕೆ ಅಷ್ಟಾಗಿ ಸಿಲುಕುವುದಿಲ್ಲ. ಆದರೆ 8 ಮೀಟರ್ ಉದ್ದದ ಅಂತಹ ಒಂದು ಕಂಬ ಮೂರು-ನಾಲ್ಕು ಕ್ವಿಂಟಲ್ ತೂಗುತ್ತದೆ. ಮಳೆಗಾಲದ ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಹೂತುಹೋಗುವಾಗ ಅದನ್ನು ಒಳಗೆ ಸಾಗಿಸುವುದು ಕಷ್ಟ. ನಾಲ್ಕಾರು ಆಳುಗಳು ಹೆಗಲ ಮೇಲೆ ಹೊತ್ತು ನಡೆಯಬಹುದಾದ ಉಕ್ಕಿನ ಕಂಬಕ್ಕೆ ಇಂತಹ ಕಡೆ ನಿಜವಾದ ಬೇಡಿಕೆ ಇದೆ. ಬೀದಿದೀಪ, ಸೌರದೀಪ ಮತ್ತು ಕ್ಯಾಮೆರಾ ಕಂಬಗಳಲ್ಲಂತೂ ಉಕ್ಕಿನದೇ ಮೇಲುಗೈ.

ಬಲ ಇರುವುದು ಎಲ್ಲಿ?

ಗಾಳಿ ತಂತಿಯನ್ನೂ ಕಂಬವನ್ನೂ ಅಡ್ಡಲಾಗಿ ದೂಡುತ್ತದೆ. ಆಗ ಕಂಬದ ಒಂದು ಮಗ್ಗುಲು ಎಳೆಯಲ್ಪಟ್ಟರೆ ಎದುರು ಮಗ್ಗುಲು ಒತ್ತಲ್ಪಡುತ್ತದೆ. ಈ ಎಳೆತ ಮತ್ತು ಒತ್ತಡಗಳು ಹೊರಮೈಯಲ್ಲಿ ಅತ್ಯಧಿಕವಾಗಿದ್ದು ನಟ್ಟನಡುವೆ ಶೂನ್ಯವಾಗಿರುತ್ತವೆ. ಅಂದರೆ ನಡುವಿನಲ್ಲಿರುವ ಲೋಹ ಕೇವಲ ಭಾರ. ಬಿದಿರಿನ ಗಳ ಟೊಳ್ಳಾಗಿದ್ದೂ ಗಟ್ಟಿಯಾಗಿರುವ ಗುಟ್ಟು ಇದೇ. ತಂತ್ರಜ್ಞರು ಈ ಬಲವನ್ನು ಸೆಕ್ಷನ್ ಮಾಡ್ಯುಲಸ್ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಇದರ ಮಾನ ಘನ ಸೆಂಟಿಮೀಟರ್. ಒಂದೇ ಬಗೆಯ ಉಕ್ಕಿನಲ್ಲಿ ಈ ಸಂಖ್ಯೆ ಎಷ್ಟು ದೊಡ್ಡದೋ ಬಾಗುವಿಕೆಯನ್ನು ತಡೆಯುವ ಶಕ್ತಿಯೂ ಅಷ್ಟು ಹೆಚ್ಚು.

ಕೆಳಗಿನ ಮೂರು ಮಾದರಿಗಳನ್ನು ಹೋಲಿಸಿ ನೋಡಬಹುದು.

1. 42 ಮಿ.ಮೀ. ವ್ಯಾಸದ ಘನ ಸರಳು: ಮೀಟರಿಗೆ ತೂಕ ಸುಮಾರು 10.8 ಕಿ.ಗ್ರಾಂ, ಸೆಕ್ಷನ್ ಮಾಡ್ಯುಲಸ್ ಸುಮಾರು 7.3.

2. 114.3 ಮಿ.ಮೀ. ಹೊರವ್ಯಾಸ, 4.5 ಮಿ.ಮೀ. ದಪ್ಪದ ಕೊಳವೆ: ಮೀಟರಿಗೆ ತೂಕ 12.2 ಕಿ.ಗ್ರಾಂ; ಸೆಕ್ಷನ್ ಮಾಡ್ಯುಲಸ್ 41.0.

3. 139.7 ಮಿ.ಮೀ. ಹೊರವ್ಯಾಸ, 3.2 ಮಿ.ಮೀ. ದಪ್ಪದ ಕೊಳವೆ: ಮೀಟರಿಗೆ ತೂಕ 10.8 ಕಿ.ಗ್ರಾಂ, ಸೆಕ್ಷನ್ ಮಾಡ್ಯುಲಸ್ 45.8.

ಮೊದಲನೆಯದೂ ಮೂರನೆಯದೂ ಒಂದೇ ತೂಕದವು. ಬಲದಲ್ಲಿ ಮಾತ್ರ ಆರು ಪಟ್ಟಿಗೂ ಮಿಕ್ಕಿದ ಅಂತರವಿದೆ. ಎರಡನೆಯದು ಮೂರನೆಯದಕ್ಕಿಂತ ಹೆಚ್ಚು ತೂಗಿದರೂ ಬಲದಲ್ಲಿ ಹಿಂದುಳಿದಿದೆ. ವರ್ತಕರು ನೆನಪಿಡಬಹುದಾದ ಸ್ಥೂಲ ಸೂತ್ರವೆಂದರೆ, ಕೊಳವೆಯ ಬಲವು ತೂಕ ಮತ್ತು ವ್ಯಾಸಗಳ ಗುಣಲಬ್ಧವನ್ನು ಅನುಸರಿಸುತ್ತದೆ. ತೂಕವನ್ನಷ್ಟೇ ನೋಡಿದವರು ಅರ್ಧ ಲೆಕ್ಕವನ್ನು ಮಾತ್ರ ನೋಡಿದಂತೆ.

ಒಂದು ಮಾದರಿ ಲೆಕ್ಕ

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಗ್ರಾಮೀಣ ವಿದ್ಯುತ್ ಮಾರ್ಗಗಳ ವಿನ್ಯಾಸದಲ್ಲಿ ಪ್ರದೇಶಾನುಸಾರ ಚದರ ಮೀಟರಿಗೆ 50, 75 ಅಥವಾ 100 ಕಿ.ಗ್ರಾಂ ಒತ್ತಡವನ್ನು ಹಿಡಿಯುವ ಪದ್ಧತಿಯಿದೆ. ಲೆಕ್ಕದ ಕ್ರಮ ತಿಳಿಯುವ ಸಲುವಾಗಿ ಇಲ್ಲಿ 75 ಕಿ.ಗ್ರಾಂ ಹಿಡಿಯಲಾಗಿದೆ, ಇದು ಗಂಟೆಗೆ ಸುಮಾರು 126 ಕಿ.ಮೀ. ವೇಗದ ಗಾಳಿಗೆ ಸಮ. ದುಂಡನೆಯ ವಸ್ತುವಿನ ಮೇಲೆ ಗಾಳಿ ಜಾರುವುದರಿಂದ ಎದುರು ಕಾಣುವ ಕ್ಷೇತ್ರಫಲದ ಮೂರರಲ್ಲಿ ಎರಡು ಭಾಗವನ್ನು ಮಾತ್ರ ಪರಿಗಣಿಸಲಾಗುತ್ತದೆ.

ಕಂಬದ ಉದ್ದ 8 ಮೀಟರ್ ಇರಲಿ. ಉದ್ದದ ಆರನೆಯ ಒಂದು ಭಾಗವನ್ನು ಹೂಳುವ ರೂಢಿಯಂತೆ ಸುಮಾರು 1.35 ಮೀಟರ್ ನೆಲದೊಳಗೆ ಹೋಗುತ್ತದೆ. ಕಂಬದಿಂದ ಕಂಬಕ್ಕೆ 60 ಮೀಟರ್ ಅಂತರ. ‘ರ‍್ಯಾಬಿಟ್’ ಹೆಸರಿನ, 10.05 ಮಿ.ಮೀ. ವ್ಯಾಸದ ಮೂರು ತಂತಿಗಳು ನೆಲದಿಂದ 6.5 ಮೀಟರ್ ಎತ್ತರದಲ್ಲಿವೆ.

ಮೂರೂ ತಂತಿಗಳ ಮೇಲಿನ ಗಾಳಿಯ ಬಲ ಸುಮಾರು 90 ಕಿ.ಗ್ರಾಂ. ಇದನ್ನು 6.5 ಮೀಟರ್ ಎತ್ತರದಿಂದ ಗುಣಿಸಿದರೆ ನೆಲಮಟ್ಟದಲ್ಲಿ 588 ಕಿ.ಗ್ರಾಂ-ಮೀಟರ್ ಬಾಗುಬಲ ಉಂಟಾಗುತ್ತದೆ. ಕಂಬದ ಮೈಗೇ ತಗಲುವ ಗಾಳಿಯಿಂದ ಇನ್ನೂ ಸುಮಾರು 132. ಒಟ್ಟು 720. ಭಾರತೀಯ ವಿದ್ಯುತ್ ನಿಯಮಗಳು, 1956 ಲೋಹದ ಕಂಬಗಳಿಗೆ ಗೊತ್ತುಪಡಿಸಿದ್ದ 1.5ರ ಸುರಕ್ಷಾ ಗುಣಾಂಕದಿಂದ ಗುಣಿಸಿದಾಗ 1080 ಕಿ.ಗ್ರಾಂ-ಮೀಟರ್ ಆಗುತ್ತದೆ. ಸಾಮಾನ್ಯ ರಚನಾ ಉಕ್ಕು ಚದರ ಮಿಲಿಮೀಟರಿಗೆ ಸುಮಾರು 25.5 ಕಿ.ಗ್ರಾಂ ಒತ್ತಡಕ್ಕೆ ಶಾಶ್ವತವಾಗಿ ಬಾಗತೊಡಗುತ್ತದೆ. ಈ ಲೆಕ್ಕದಂತೆ ಬೇಕಾದ ಸೆಕ್ಷನ್ ಮಾಡ್ಯುಲಸ್ 42.4 ಘನ ಸೆಂ.ಮೀ.

ಈಗ ಮೇಲಿನ ಹೋಲಿಕೆಗೆ ಮರಳಿದರೆ ವಿಷಯ ಸ್ಪಷ್ಟವಾಗುತ್ತದೆ. 12.2 ಕಿ.ಗ್ರಾಂ ತೂಗುವ ಕಿರಿದಾದ ಕೊಳವೆ ಈ ಪರೀಕ್ಷೆಯಲ್ಲಿ ಅನುತ್ತೀರ್ಣ, 10.8 ಕಿ.ಗ್ರಾಂ ತೂಗುವ ಅಗಲವಾದ ಕೊಳವೆ ಉತ್ತೀರ್ಣ. ತೂಕ ನೋಡಿ ಕೊಂಡ ಗ್ರಾಹಕ ಹೆಚ್ಚು ಹಣ ತೆತ್ತು ದುರ್ಬಲ ಕಂಬವನ್ನು ಮನೆಗೆ ಒಯ್ದಂತಾಯಿತು.

ಇದು ನೇರ ಮಾರ್ಗದ ಕಂಬಕ್ಕೆ ಮಾತ್ರ ಸಲ್ಲುವ ಲೆಕ್ಕ. ಮಾರ್ಗ ತಿರುಗುವ ಹಾಗೂ ಕೊನೆಗೊಳ್ಳುವ ಕಡೆ ತಂತಿಯ ಎಳೆತ ಒಂದೇ ದಿಕ್ಕಿಗೆ ಬೀಳುವುದರಿಂದ ಸ್ಟೇ ವೈರ್ ಅಥವಾ ಇನ್ನೂ ಬಲವಾದ ಕಂಬ ಅನಿವಾರ್ಯ. ದೀಪದ ಕಂಬಕ್ಕೆ ಸೌರಫಲಕ ಕಟ್ಟುವಾಗಲೂ ಇದೇ ಎಚ್ಚರ ಬೇಕು. ಅರ್ಧ ಚದರ ಮೀಟರಿನ ಫಲಕವೊಂದು 6 ಮೀಟರ್ ಎತ್ತರದಲ್ಲಿ ಇದೇ ಗಾಳಿಗೆ ನೇರ ಮುಖ ಕೊಟ್ಟರೆ ಬುಡಕ್ಕೆ 225 ಕಿ.ಗ್ರಾಂ-ಮೀಟರಿನಷ್ಟು ಬಾಗುಬಲ ಹೆಚ್ಚಾಗುತ್ತದೆ. ಹಳೆಯ ದೀಪದ ಕಂಬಕ್ಕೆ ಲೆಕ್ಕವಿಲ್ಲದೆ ಫಲಕ ಏರಿಸುವುದು ಸಾಹಸವೇ ಸರಿ.

ಬುಡ ಅಗಲ, ತುದಿ ಕಿರಿದು

ಬಾಗುಬಲವು ತುದಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ನೆಲಮಟ್ಟದಲ್ಲಿ ಅತ್ಯಧಿಕ. ಆದ್ದರಿಂದ ಇಡೀ ಕಂಬಕ್ಕೆ ಒಂದೇ ಗಾತ್ರದ ಕೊಳವೆ ಬಳಸುವುದು ವ್ಯರ್ಥ. ಮೇಲಿನ ಉದಾಹರಣೆಯಲ್ಲಿ ಕೆಳಗಿನ 4.5 ಮೀಟರಿಗೆ 139.7 ಮಿ.ಮೀ., ನಡುವಿನ 1.75 ಮೀಟರಿಗೆ 114.3 ಮಿ.ಮೀ., ತುದಿಯ 1.75 ಮೀಟರಿಗೆ 88.9 ಮಿ.ಮೀ. ವ್ಯಾಸದ, ಎಲ್ಲವೂ 3.2 ಮಿ.ಮೀ. ದಪ್ಪದ ಕೊಳವೆಗಳನ್ನು ಬಳಸಿದರೆ ಪ್ರತಿ ಹಂತದಲ್ಲೂ ಬೇಕಾದುದಕ್ಕಿಂತ ಹೆಚ್ಚು ಬಲ ದೊರೆಯುತ್ತದೆ. ಒಂದೇ ಗಾತ್ರದ ಕಂಬ 86 ಕಿ.ಗ್ರಾಂ ತೂಗಿದರೆ ಇದು, ಒಂದರೊಳಗೊಂದು ಸೇರುವ ಭಾಗವನ್ನೂ ಕೂಡಿಸಿ, ಸುಮಾರು 80 ಕಿ.ಗ್ರಾಂ ತೂಗುತ್ತದೆ. ಅನುತ್ತೀರ್ಣವಾದ ದಪ್ಪ ಕೊಳವೆಯ ಕಂಬದ ತೂಕವಾದರೋ 97 ಕಿ.ಗ್ರಾಂಗೂ ಹೆಚ್ಚು. ನೂರು ಕಂಬಗಳ ಬೇಡಿಕೆಯಲ್ಲಿ ಇದು ಸುಮಾರು 1.7 ಟನ್ ಉಕ್ಕಿನ ಉಳಿತಾಯ.

ಇಂತಹ ಕೊಳವೆ ಕಂಬಗಳಿಗೆ ಭಾರತೀಯ ಮಾನಕ ಐಎಸ್ 2713 ಇದೆ. ಕೆಳಗಿನ ಕೊಳವೆಯ ಬಾಯಿಯನ್ನು ಕಾಯಿಸಿ ಮೇಲಿನದರ ಸುತ್ತ ಒತ್ತಿ ಬಿಗಿಗೊಳಿಸುವ ಸ್ವೇಜಿಂಗ್ ಕ್ರಮವೇ ಇದರ ಜೀವಾಳ. ಜೋಡಣೆಯನ್ನು ಪರೀಕ್ಷಿಸಲು ಕಂಬವನ್ನು ಬುಡ ಕೆಳಗಾಗಿ, ನೆಟ್ಟಗೆ, 2 ಮೀಟರ್ ಎತ್ತರದಿಂದ ಗಟ್ಟಿ ಮರದ ದಿಮ್ಮಿಯ ಮೇಲೆ ಮೂರು ಬಾರಿ ಬೀಳಿಸಲಾಗುತ್ತದೆ. ಆಗ ಕೊಳವೆಗಳು ಒಂದರೊಳಗೊಂದು ಜರುಗಬಾರದು, ಸಡಿಲವಾಗಲೂಬಾರದು. ಸ್ವೇಜಿಂಗ್ ಸೌಲಭ್ಯವಿಲ್ಲದ ವೆಲ್ಡಿಂಗ್ ಶಾಪ್‌ಗಳಲ್ಲಿ ಎರಡು ಕೊಳವೆಗಳ ನಡುವಿನ ಬಿಡುವಿಗೆ ಅಲ್ಲಲ್ಲಿ ಚೂರು ತುರುಕಿ ಮೇಲೊಂದು ಸುತ್ತು ಬೆಸುಗೆ ಹಾಕುವುದುಂಟು. ಅಂತಹ ಕಂಬ ಈ ಪರೀಕ್ಷೆಗೆ ನಿಲ್ಲುವುದು ಕಷ್ಟ.

ತೆಳುತನಕ್ಕೂ ಮಿತಿಯುಂಟು

ವ್ಯಾಸ ಹೆಚ್ಚಿಸಿ ದಪ್ಪ ಇಳಿಸುತ್ತ ಹೋದರೆ ಬಲ ಬೆಳೆಯುತ್ತಲೇ ಇರುತ್ತದೆಂದು ಭಾವಿಸಬಾರದು. ಗೋಡೆ ತೀರ ತೆಳುವಾದಾಗ ಒತ್ತಲ್ಪಡುವ ಮಗ್ಗುಲು ತಗಡಿನ ಡಬ್ಬಿಯಂತೆ ಸುಕ್ಕುಗಟ್ಟಿ ಒಳಕ್ಕೆ ಕುಸಿಯುತ್ತದೆ. ಉಕ್ಕಿನ ಪೂರ್ಣ ಬಲ ಉಪಯೋಗಕ್ಕೆ ಬರುವ ಮೊದಲೇ ಕಂಬ ಮುರಿಯುತ್ತದೆ. ಸಾಮಾನ್ಯ ಉಕ್ಕಿನಲ್ಲಿ ಹೊರವ್ಯಾಸವನ್ನು ದಪ್ಪದ ಸುಮಾರು 50 ಪಟ್ಟಿನೊಳಗೆ ಇಟ್ಟುಕೊಳ್ಳುವುದು ಕ್ಷೇಮ. 139.7 ಮಿ.ಮೀ. ಕೊಳವೆಗೆ 3.2 ಮಿ.ಮೀ. ದಪ್ಪವೆಂದರೆ ಈ ಪ್ರಮಾಣ ಸುಮಾರು 44. ದೀಪದ ಕಂಬದ ಬುಡದಲ್ಲಿ ತಂತಿ ಜೋಡಿಸಲು ಬಾಗಿಲು ಕೊರೆದಾಗ ಬಲ ಬೇಕಾದ ಜಾಗದಲ್ಲಿಯೇ ಉಕ್ಕು ಕಳೆದುಹೋಗುತ್ತದೆ. ಆ ಬಾಗಿಲಿನ ಸುತ್ತ ದಪ್ಪ ಪಟ್ಟಿಯನ್ನು ಬೆಸೆದು ನಷ್ಟ ತುಂಬಬೇಕು. ಮೂಲೆಗಳನ್ನು ಚೌಕವಾಗಿ ಕತ್ತರಿಸದೆ ದುಂಡಾಗಿಸಬೇಕು.

ನಿಜವಾದ ಶತ್ರು ನೆಲಮಟ್ಟದಲ್ಲಿ

ಕಂಬಕ್ಕೆ ಅತ್ಯಧಿಕ ಬಲ ಬೇಕಾದ ಸ್ಥಳ ನೆಲಮಟ್ಟ. ತುಕ್ಕು ಅತಿ ವೇಗವಾಗಿ ಹಿಡಿಯುವುದೂ ಅಲ್ಲಿಯೇ. ನೆಲದ ಮೇಲೆ ಕೆಳಗೆ ಸುಮಾರು ಒಂದೊಂದು ಅಡಿಯ ಭಾಗದಲ್ಲಿ ತೇವವೂ ಗಾಳಿಯೂ ಒಟ್ಟಿಗೆ ಸಿಗುವುದು ಇದಕ್ಕೆ ಕಾರಣ. ನಮೂದಿಸಿದ 3.2 ಮಿ.ಮೀ. ಕೊಳವೆಯ ಹೊರಮೈಯಿಂದ ಕೇವಲ 1 ಮಿ.ಮೀ. ತುಕ್ಕಿಗೆ ಆಹುತಿಯಾದರೆ ಅದರ ಸೆಕ್ಷನ್ ಮಾಡ್ಯುಲಸ್ 45.8ರಿಂದ ಸುಮಾರು 31ಕ್ಕೆ ಇಳಿಯುತ್ತದೆ. ಮೂರನೆಯ ಒಂದು ಭಾಗ ಬಲ ಹೋಯಿತು, ಬೇಕಾದುದು 42.4. ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತಿದ್ದು ಕಂಬ ಒಂದು ದಿನ ಬುಡದಲ್ಲಿ ಮುರಿಯುವುದು ಹೀಗೆ.

ಹಗುರ ಕಂಬ ಮಾಡುವವರು ಆದ್ದರಿಂದ ತುಕ್ಕಿನ ರಕ್ಷಣೆಯಲ್ಲಿ ಉಳಿತಾಯ ಮಾಡುವಂತಿಲ್ಲ. ಉಪಾಯಗಳು ಮೂರು. ನೆಲಮಟ್ಟದಲ್ಲಿ 60 ಸೆಂ.ಮೀ. ಉದ್ದದ, 3 ಮಿ.ಮೀ. ದಪ್ಪದ ಇನ್ನೊಂದು ಕೊಳವೆಯನ್ನು ಕವಚದಂತೆ ತೊಡಿಸಿ ಎರಡೂ ಅಂಚುಗಳನ್ನು ಪೂರ್ತಿ ಬೆಸೆಯುವುದು ಮೊದಲನೆಯದು. ಇದರಿಂದ ಹೆಚ್ಚುವ ತೂಕ ಆರು-ಏಳು ಕಿ.ಗ್ರಾಂ ಮಾತ್ರ, ಆಗಲೂ ಕಂಬ ದಪ್ಪ ಕೊಳವೆಯದಕ್ಕಿಂತ ಹತ್ತು ಕಿ.ಗ್ರಾಂ ಹಗುರ. ಹೂಳುವ ಭಾಗಕ್ಕೆ ಒಳಗೂ ಹೊರಗೂ ಡಾಂಬರು ಬಣ್ಣ ಬಳಿದು, ನೆಲದ ಮೇಲೆ ಸುಮಾರು 45 ಸೆಂ.ಮೀ. ಎತ್ತರದವರೆಗೆ ಕಾಂಕ್ರೀಟ್ ಕಟ್ಟೆ ಕಟ್ಟಿ, ನೀರು ನಿಲ್ಲದಂತೆ ಅದರ ತಲೆಯನ್ನು ಇಳಿಜಾರಾಗಿಸುವುದು ಎರಡನೆಯದು. ಮೂರನೆಯದೂ ಉತ್ತಮವಾದುದೂ ಕಾಯಿಸಿದ ಸತುವಿನಲ್ಲಿ ಅದ್ದುವ ಗ್ಯಾಲ್ವನೈಸಿಂಗ್.

ಗ್ಯಾಲ್ವನೈಸಿಂಗ್‌ಗೆ ಕಳುಹಿಸುವ ಮುನ್ನ

ಐಎಸ್ 4759ರಂತೆ 5 ಮಿ.ಮೀ. ಮತ್ತು ಮೇಲ್ಪಟ್ಟ ದಪ್ಪದ ಉಕ್ಕಿಗೆ ಚದರ ಮೀಟರಿಗೆ 610 ಗ್ರಾಂ, 2ರಿಂದ 5 ಮಿ.ಮೀ. ದಪ್ಪದ್ದಕ್ಕೆ 460 ಗ್ರಾಂ ಸತುವಿನ ಲೇಪ ಇರಬೇಕು. 460 ಗ್ರಾಂ ಎಂದರೆ ಸುಮಾರು 64 ಮೈಕ್ರಾನ್ ದಪ್ಪ. ಬೆಳ್ಳಿಯಂತೆ ಹೊಳೆಯುವ ಅಲ್ಯುಮಿನಿಯಂ ಬಣ್ಣವನ್ನು ಬಳಿದು ಗ್ಯಾಲ್ವನೈಸ್ ಎಂದು ಮಾರುವುದು ಗ್ರಾಹಕನಿಗೆ ಮಾಡುವ ವಂಚನೆಯೇ.

ಸತುವಿನ ತೊಟ್ಟಿಯ ಉಷ್ಣತೆ ಸುಮಾರು 450 ಡಿಗ್ರಿ ಸೆಲ್ಸಿಯಸ್. ಎರಡೂ ತುದಿ ಮುಚ್ಚಿದ ಕೊಳವೆಯನ್ನು ಅದರಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಮತ್ತು ತೇವ ಹಿಗ್ಗಿ ಕೊಳವೆ ಸಿಡಿಯುತ್ತದೆ. ಕೆಲಸಗಾರರ ಮೈಮೇಲೆ ಕರಗಿದ ಸತು ಚಿಮ್ಮುತ್ತದೆ. ಆದ್ದರಿಂದ ಬುಡದ ತಟ್ಟೆಯಲ್ಲೂ ತುದಿಯ ಮುಚ್ಚಳದಲ್ಲೂ ಗಾಳಿ ಹೊರಹೋಗುವ, ಸತು ಇಳಿದುಹೋಗುವ ರಂಧ್ರಗಳನ್ನು ತಯಾರಕರು ಮೊದಲೇ ಕೊರೆಯತಕ್ಕದ್ದು. ಜೋಡಣೆ ಅಥವಾ ಕವಚದ ಸಂದಿನಲ್ಲಿ ಸಿಕ್ಕಿಬಿದ್ದ ಗಾಳಿ, ತೊಳೆಯಲು ಬಳಸಿದ ಆಮ್ಲಗಳಿಂದಲೂ ಅಪಾಯವಿರುವುದರಿಂದ ಗ್ಯಾಲ್ವನೈಸಿಂಗ್ ಘಟಕದವರಿಗೆ ನಕ್ಷೆಯನ್ನು ಮುಂಚಿತವಾಗಿ ತೋರಿಸಿ ಅವರ ಸಲಹೆ ಪಡೆಯಬೇಕು. ಅವರ ತೊಟ್ಟಿಯ ಉದ್ದವನ್ನೂ ಆಗಲೇ ವಿಚಾರಿಸುವುದು ಲೇಸು. ವೆಲ್ಡಿಂಗ್ ಕೆಲಸವೆಲ್ಲ ಅದ್ದುವ ಮೊದಲೇ ಮುಗಿದಿರಬೇಕು. ನಂತರ ಬೆಸೆದರೆ ಸತು ಸುಟ್ಟುಹೋಗಿ ಆ ಜಾಗವೇ ತುಕ್ಕಿನ ಹೆಬ್ಬಾಗಿಲಾಗುತ್ತದೆ.

ನೆಡುವಿಕೆ ಮತ್ತು ಸುರಕ್ಷತೆ

ಉತ್ತಮ ಕಂಬವೂ ಕೆಟ್ಟ ಗುಂಡಿಯಲ್ಲಿ ನಿಲ್ಲುವುದಿಲ್ಲ. ಎರೆ ಭೂಮಿಯಲ್ಲಿ ತೆಗೆದ ಮಣ್ಣನ್ನೇ ಮರಳಿ ತುಂಬದೆ, ಗರಸು ಹಾಕಿ ಪದರಪದರವಾಗಿ ದಮ್ಮಸು ಮಾಡುವುದು ಅಥವಾ ಕಾಂಕ್ರೀಟ್ ತುಂಬುವುದು ಅಗತ್ಯ. ಹಳ್ಳದ ದಂಡೆಯಲ್ಲಿ ಬುಡದ ಮಣ್ಣು ಕೊಚ್ಚಿಹೋಗುವ ಭಯವಿರುವುದರಿಂದ ಆಳವನ್ನು ಹೆಚ್ಚಿಸಬೇಕು. ಸಾಧ್ಯವಿದ್ದರೆ ಆ ಸ್ಥಳವನ್ನೇ ಬಿಡುವುದು ಜಾಣತನ. ಕಲ್ಲುನೆಲದಲ್ಲಿ ಗುಂಡಿ ತೋಡುವುದು ಕಷ್ಟವೆಂದು ಆಳ ಕಡಿಮೆ ಮಾಡಿದರೆ ಆ ಕಂಬದ ಲೆಕ್ಕವೇ ಬದಲಾಗುತ್ತದೆ.

ಲೋಹದ ಕಂಬ ವಿದ್ಯುತ್ ವಾಹಕವೆಂಬುದನ್ನು ಕ್ಷಣವೂ ಮರೆಯಬಾರದು. ಇನ್ಸುಲೇಟರ್ ಒಡೆದಾಗ ಕಂಬದ ಮೈಯಲ್ಲಿ ವಿದ್ಯುತ್ ಹರಿದು, ಮಳೆಗಾಲದಲ್ಲಿ ಮೈ ಉಜ್ಜಲು ಬಂದ ದನಕರುಗಳು ಸಾಯುವ ಅನಾಹುತಗಳು ಹಳ್ಳಿಗಳಿಗೆ ಹೊಸತಲ್ಲ. ಪ್ರತಿ ಲೋಹದ ಕಂಬಕ್ಕೂ ಸರಿಯಾದ ಅರ್ಥಿಂಗ್ ಇರಲೇಬೇಕು. ಅದನ್ನು ಬಿಗಿಯಲು ಬೇಕಾದ ಬೋಲ್ಟನ್ನು ತಯಾರಕರು ಕಾರ್ಖಾನೆಯಲ್ಲಿಯೇ ಬೆಸೆದು ಕೊಡುವುದು ಉತ್ತಮ.

ಕೊಳ್ಳುವಾಗ ಪರೀಕ್ಷಿಸಬೇಕಾದ ಅಂಶಗಳು

1. ಟೇಪಿನಿಂದ ಸುತ್ತಳತೆ ತೆಗೆದು 3.14ರಿಂದ ಭಾಗಿಸಿದರೆ ಹೊರವ್ಯಾಸ ದೊರೆಯುತ್ತದೆ. ಕೊಳವೆಯ ತುದಿಯಲ್ಲಿ ವರ್ನಿಯರ್ ಕ್ಯಾಲಿಪರ್‌ನಿಂದ ದಪ್ಪವನ್ನು ನಾಲ್ಕು ಕಡೆ ಅಳೆಯಬೇಕು.

2. ವ್ಯಾಸದಿಂದ ದಪ್ಪವನ್ನು ಕಳೆದು, ಬಂದುದನ್ನು ದಪ್ಪದಿಂದಲೂ 0.02466ರಿಂದಲೂ ಗುಣಿಸಿದರೆ ಮೀಟರಿನ ತೂಕ ಕಿ.ಗ್ರಾಂನಲ್ಲಿ ಸಿಗುತ್ತದೆ. ತಕ್ಕಡಿಯ ತೂಕ ಇದಕ್ಕಿಂತ ಗಮನಾರ್ಹವಾಗಿ ಕಡಿಮೆಯಿದ್ದರೆ ನಡುವೆ ಎಲ್ಲೋ ದಪ್ಪ ಇಳಿದಿದೆ ಎಂದರ್ಥ.

3. ಉಕ್ಕಿನ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಮೂಲ ತಿಳಿಯದ ಗುಜರಿ ಕೊಳವೆಯ ಬಲವನ್ನು ಯಾವ ಸೂತ್ರವೂ ಹೇಳಲಾರದು.

4. ಜೋಡಣೆ, ಬಾಗಿಲು ಹಾಗೂ ಬುಡದ ತಟ್ಟೆಯ ಬೆಸುಗೆಗಳು ಸುತ್ತಲೂ ಅಖಂಡವಾಗಿವೆಯೇ ಎಂದು ನೋಡಬೇಕು.

5. ಕರಾರಿನಲ್ಲಿ ತೂಕದ ಜೊತೆಗೆ ಹೊರವ್ಯಾಸ, ದಪ್ಪ, ತುದಿಯಲ್ಲಿ ತಾಳಬೇಕಾದ ಭಾರ ಮತ್ತು ಸತುವಿನ ಲೇಪದ ಪ್ರಮಾಣಗಳನ್ನು ಬರೆಯಿಸಬೇಕು.

ಉಪಸಂಹಾರ

ಉಕ್ಕನ್ನು ಎಷ್ಟು ಹಾಕಲಾಯಿತೆಂಬುದಕ್ಕಿಂತ ಎಲ್ಲಿ ಹಾಕಲಾಯಿತೆಂಬುದು ಮುಖ್ಯ. ನಡುವಿನಿಂದ ಹೊರಮೈಗೆ, ತುದಿಯಿಂದ ಬುಡಕ್ಕೆ, ಬುಡದಲ್ಲಿಯೂ ನೆಲಮಟ್ಟದ ಎರಡಡಿಗೆ ಲೋಹವನ್ನು ಸರಿಸುವುದೇ ಈ ವಿನ್ಯಾಸದ ಸಾರ. ಟ್ರಾಲಿ, ಕೂರಿಗೆ, ಕುಂಟೆಗಳನ್ನು ಮಾಡುತ್ತ ಬಂದ ಸಣ್ಣ ಕಾರ್ಖಾನೆಗಳಿಗೆ ಈ ಕೆಲಸ ಅಸಾಧ್ಯವೇನಲ್ಲ; ಅಂತಿಮ ನಕ್ಷೆಗೆ ಅರ್ಹ ಎಂಜಿನಿಯರರ ಒಪ್ಪಿಗೆ ಮತ್ತು ಕೊಳ್ಳುವ ಸಂಸ್ಥೆಯ ನಿಯಮಗಳ ಪಾಲನೆ ಇದ್ದರಾಯಿತು. ಮಾರುವವರು ಕಿಲೋ ದರದ ಪಕ್ಕದಲ್ಲಿ ಬಲದ ಅಂಕಿಯನ್ನೂ ಬರೆದುಕೊಡುವ, ಕೊಳ್ಳುವವರು ಅದನ್ನು ಕೇಳಿ ಪಡೆಯುವ ಪದ್ಧತಿ ಈ ಭಾಗದ ಪೇಟೆಯಲ್ಲಿ ನೆಲೆಗೊಂಡರೆ ಪ್ರಾಮಾಣಿಕ ತಯಾರಕರಿಗೆ ನ್ಯಾಯವಾದ ಬೆಲೆಯೂ ಕಂಬದ ಕೆಳಗೆ ನಡೆದಾಡುವವರಿಗೆ ಅಭಯವೂ ದೊರೆಯುವವು.